ಮುಂಬೈ ನೆತ್ತಿಯ ಮೇಲೆ ಒಂದು ಗ್ರಾಂ ಸೋಡಿಯಂ

ಡಿಸೆಂಬರ್ 13ರ ರಾತ್ರಿ ಉಲ್ಕೆ ನೋಡಬೇಕೆಂದರೆ ಮುಂಬೈಯವರು ಕರ್ಜತ್ ಲೋಕಲ್ ಹಿಡಿದು, ಬದಲಾಪುರ ದಾಟಿ, ವಾಂಗಣಿಯಲ್ಲಿ ಇಳಿಯುತ್ತಾರೆ. ಖಗೋಳ ಮಂಡಳದವರು ಜನರನ್ನು ಕೂಡಿಸಿ ಆಕಾಶ ತೋರಿಸುತ್ತ ಬಂದ ಊರು ಅದು. ಪಶ್ಚಿಮದಲ್ಲಿ ನಗರದ ಬೆಳಕು ಕಲಸಿಕೊಂಡು ನಿಂತಿರುತ್ತದೆ. ಉಳಿದ ಕಡೆ ಪರವಾಗಿಲ್ಲ. ಪುನರ್ವಸುವಿನ ಜೋಡಿ ನಕ್ಷತ್ರಗಳು ನೆತ್ತಿಯ ಹತ್ತಿರ ಬರುವಾಗ ರಾತ್ರಿ ಎರಡು ಗಂಟೆ. ಮಿಥುನ ಉಲ್ಕೆಗಳು ಹೊರಟಂತೆ ಕಾಣುವುದು ಆ ಜೋಡಿಯ ಪಕ್ಕದಿಂದಲೇ. ಸೆಕೆಂಡಿಗೆ 35 ಕಿ.ಮೀ. ವೇಗ, ಉಲ್ಕೆಗಳ ಲೆಕ್ಕದಲ್ಲಿ ಇದು ನಿಧಾನವೇ, ಕಣ್ಣು ಹೊರಳಿಸಿ ಹಿಂಬಾಲಿಸುವಷ್ಟು ಹೊತ್ತು ಸಿಗುತ್ತದೆ. ಉತ್ತರಕ್ಕೆ ತುಸು ಪೂರ್ವದಲ್ಲಿ, ಅರ್ಧ ಆಕಾಶಕ್ಕಿಂತ ಸ್ವಲ್ಪ ಕೆಳಗೆ ಗೆರೆ ಎಳೆದ ಉಲ್ಕೆ ಉರಿದದ್ದು ನಾಶಿಕದ ಮೇಲೆ, ಸುಮಾರು 95 ಕಿ.ಮೀ. ಎತ್ತರದಲ್ಲಿ.

ಗೆರೆ ಅಳಿಸಿಹೋಗುತ್ತದೆ, ಲೋಹ ಅಲ್ಲೇ ಉಳಿಯುತ್ತದೆ. ಕಣ ಕಾಯುತ್ತ ಬಂದಂತೆ ಮೊದಲು ಬಿಟ್ಟುಕೊಡುವುದು ಸೋಡಿಯಂ, ಪೊಟ್ಯಾಸಿಯಂ; ಆಮೇಲೆ ಕಬ್ಬಿಣ, ಮೆಗ್ನೀಸಿಯಂ; ಕ್ಯಾಲ್ಸಿಯಂ ಕೊನೆಗೆ. 80ರಿಂದ 105 ಕಿ.ಮೀ. ನಡುವೆ ಈ ಪರಮಾಣುಗಳ ಪದರಗಳಿವೆ. ಗ್ಯಾಸ್ ಒಲೆಯ ಮೇಲೆ ಸಾರು ಉಕ್ಕಿದಾಗ ನೀಲಿ ಉರಿ ಹಳದಿಯಾಗುವುದು ಉಪ್ಪಿನ ಸೋಡಿಯಂನಿಂದ. 589 ನ್ಯಾನೋಮೀಟರಿನ ಆ ಹಳದಿಯೇ ರಾತ್ರಿ ಆಕಾಶದ ಬೆಳಕಿನಲ್ಲೂ ಇದೆಯೆಂದು ಅಮೆರಿಕದ ವೆಸ್ಟೊ ಸ್ಲೈಫರ್ 1929ರಲ್ಲಿ ಗುರುತಿಸಿದರು. ಓಝೋನ್ ಜೊತೆ ಸೋಡಿಯಂ ಕೂಡಿ, ಆಮ್ಲಜನಕದಿಂದ ಮತ್ತೆ ಬಿಡುಗಡೆಯಾಗುವಾಗ ಈ ಬೆಳಕು ಹುಟ್ಟುತ್ತದೆಂದು 1939ರಲ್ಲಿ ಸಿಡ್ನಿ ಚಾಪ್ಮನ್ ವಿವರಿಸಿದರು. ಸಮುದ್ರದ ಉಪ್ಪೇ ಮೇಲೆ ಹೋಗಿರಬಹುದೇ ಎಂಬ ವಾದವೂ ಬಹುಕಾಲ ನಡೆಯಿತು. ಕೊಲಾಬಾದಲ್ಲಿ ಕಿಟಕಿಯ ಸರಳು ತುಕ್ಕು ಹಿಡಿಯುವುದನ್ನು ಕಂಡವರಿಗೆ ಆ ಅನುಮಾನ ವಿಚಿತ್ರವೆನಿಸದು.

ಸೋಡಿಯಂ ಎಷ್ಟಿದೆ ಎಂದು ಕೂತು ಲೆಕ್ಕ ಹಾಕಿದೆ. ಒಂದು ಚದರ ಸೆಂಟಿಮೀಟರಿನ ಮೇಲೆ ಸರಾಸರಿ ಸುಮಾರು 400 ಕೋಟಿ ಪರಮಾಣು. ನಗರ, ಉಪನಗರ ಜಿಲ್ಲೆಗಳೆರಡೂ ಸೇರಿ 603 ಚದರ ಕಿ.ಮೀ. ಗುಣಿಸಿ ತೂಗಿದರೆ ಒಂದು ಗ್ರಾಮಿನ ಆಸುಪಾಸು! ಕೊಲಾಬಾದಿಂದ ದಹಿಸರ್, ಮುಲುಂಡ್‌ವರೆಗೆ ಹರಡಿರುವ ಸೋಡಿಯಂ ಅಷ್ಟನ್ನೂ ಕೊಡಲು ಅರ್ಧ ಚಮಚ ಉಪ್ಪು ಸಾಕು.

ಇಷ್ಟು ತೆಳುವಾದದ್ದು ಉಲ್ಕಾವೃಷ್ಟಿಯ ರಾತ್ರಿ ದಪ್ಪವಾಗಲೇಬೇಕು ಅನ್ನಿಸುತ್ತದೆ. ಆದರೆ ಹಾಗೆ ಎದ್ದು ಕಾಣುವ ಏರಿಕೆ ಸಾಮಾನ್ಯವಾಗಿ ಸಿಗುವುದಿಲ್ಲ. 1998ರ ಸಿಂಹ ಉಲ್ಕಾವೃಷ್ಟಿಯಲ್ಲಿ ನ್ಯೂ ಮೆಕ್ಸಿಕೋದ ಲೇಸರ್ ಕಿರಣ ಒಂದೊಂದು ಉಲ್ಕೆಯ ಜಾಡಿನಲ್ಲಿ ದಟ್ಟ ಸೋಡಿಯಂ ಹಿಡಿಯಿತು. ಅದು ಆ ಜಾಡಿನ ಮಾತಾಯಿತು, ಪದರದ್ದಲ್ಲ. ಪದರವನ್ನು ತುಂಬುವುದು ಯಾವ ವೃಷ್ಟಿಗೂ ಸೇರದೆ, ವರ್ಷವಿಡೀ, ಹಗಲೂ ರಾತ್ರಿ ಸುರಿಯುವ ಸಣ್ಣ ಧೂಳು. ಅದರ ಬಹುಪಾಲು ಕಣ್ಣಿಗೆ ಉಲ್ಕೆಯಾಗಿ ಕಾಣಿಸುವುದೇ ಇಲ್ಲ. ನಾವು ಚಳಿಯಲ್ಲಿ ಚಾಪೆ ಹಾಸಿ ಎಣಿಸುವುದು ತೂಕದಲ್ಲಿ ಅಲ್ಪ ಪಾಲನ್ನು.

ಪಾಲು ದೊಡ್ಡದಾದರೆ ಏನಾಗುತ್ತದೆಂದು ಮಂಗಳ ತೋರಿಸಿದೆ. 2014ರ ಅಕ್ಟೋಬರ್ 19ರಂದು ಸೈಡಿಂಗ್ ಸ್ಪ್ರಿಂಗ್ ಧೂಮಕೇತು ಪಕ್ಕದಲ್ಲೇ ಹಾದುಹೋದಾಗ ಅಲ್ಲಿನ ಮೇಲ್ವಾತಾವರಣದಲ್ಲಿ ಮೆಗ್ನೀಸಿಯಂ, ಕಬ್ಬಿಣದ ಅಯಾನುಗಳು ತುಂಬಿಕೊಂಡದ್ದನ್ನು ಮೇವನ್ ನೌಕೆ ದಾಖಲಿಸಿತು. ನಮ್ಮ ಮಂಗಳಯಾನವನ್ನು ಇಸ್ರೋ ಆ ಹೊತ್ತಿಗೆ ಗ್ರಹದ ಮರೆಗೆ ಸರಿಸಿತ್ತು. ಜಾಣತನ.

ಭೂಮಿಯ ಮೇಲೆ ಈ ಲೆಕ್ಕ ಕೆಡಿಸುವುದು ಗಾಳಿ. ನೂರು ಕಿ.ಮೀ. ಆಸುಪಾಸಿನಲ್ಲಿ ಎದುರುಬದುರು ಬೀಸುವ ಗಾಳಿ ಲೋಹದ ಅಯಾನುಗಳನ್ನು ತೆಳ್ಳನೆಯ ಹಾಳೆಗಳಾಗಿ ಕೂಡಿಸುತ್ತದೆ. ಆಗ ದಪ್ಪಗಾದದ್ದು ಉಲ್ಕೆಯಿಂದಲೋ ಗಾಳಿಯಿಂದಲೋ ಹೇಳುವುದು ಕಷ್ಟ. ಆ ಎತ್ತರದ ಗಾಳಿಯನ್ನು ಅಳೆಯುವ ಕೆಲಸವನ್ನು ನವ ಪನ್ವೇಲ್‌ನ ಭಾರತೀಯ ಭೂಕಾಂತತ್ವ ಸಂಸ್ಥೆ ಕೊಲ್ಹಾಪುರದ ತನ್ನ ರಾಡಾರಿನಿಂದ ಮಾಡಿದೆ.

ಆಗಸ್ಟಿನ ಪರ್ಸೀಡ್ ಉಲ್ಕೆಗಳು ಮುಂಬೈಗೆ ದಕ್ಕುವುದು ಅಪರೂಪ, ಮಳೆಗಾಲದ ಮೋಡ. ದಕ್ಕುವ ಮಿಥುನದ್ದು ಮತ್ತೊಂದು ಕತೆ. ಅವುಗಳ ಮೂಲವಾದ ಫೈಥಾನ್ ಸೂರ್ಯನಿಗೆ ಸುಮಾರು 2.1 ಕೋಟಿ ಕಿ.ಮೀ. ಹತ್ತಿರ ಹೋಗಿ ಬರುವ ಕಲ್ಲು. ಆ ಕಾವಿಗೆ ಸೋಡಿಯಂ ಮೊದಲೇ ಆವಿಯಾಗಿರುವುದರಿಂದ ಎಷ್ಟೋ ಮಿಥುನ ಉಲ್ಕೆಗಳ ರೋಹಿತದಲ್ಲಿ ಆ ಹಳದಿ ಗೆರೆ ಸೊರಗಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ.