ಮಂಗಳೂರಿನ ಕಾರ್ಪೆಟ್ಟಿಗೆ ಯಾವ ಯಂತ್ರ?

ಕಾರ್ಪೆಟ್ ತೊಳೆಯುವ ಯಂತ್ರ ಮಾರುವವರು ನೀರು ಚಿಮ್ಮುವ ರಭಸವನ್ನು ಹೊಗಳುತ್ತಾರೆ. ಮಂಗಳೂರಿನವರು ನೋಡಬೇಕಾದದ್ದು, ಚಿಮ್ಮಿದ ನೀರನ್ನು ಅದು ಎಷ್ಟರಮಟ್ಟಿಗೆ ಹಿಂದಕ್ಕೆ ಹೀರುತ್ತದೆ ಎಂಬುದನ್ನು. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಊರಿದು. ಮಳೆಗಾಲದ ಆಟಿ ತಿಂಗಳಲ್ಲಿ ಹಗ್ಗದ ಮೇಲಿನ ತೆಳು ಬೈರಾಸವೇ ಒಣಗದಿರುವಾಗ ದಪ್ಪ ಕಾರ್ಪೆಟ್ಟಿನ ಬುಡಕ್ಕಿಳಿದ ನೀರಿನ ಗತಿ ಕೇಳುವುದೇ ಬೇಡ. ಒದ್ದೆ ಒಂದೆರಡು ದಿನ ನಿಂತರೆ ಬೂಸ್ಟು ಹಿಡಿಯುತ್ತದೆ. ತೇವದ ಗಾಳಿಯಲ್ಲಿ ಧೂಳಿನ ನುಸಿಗಳೂ ಹೆಚ್ಚುತ್ತವೆ. ಆದ್ದರಿಂದ ಹೀರುವ ಬಲ ಜೋರಾಗಿರಲಿ, ಕೊಳೆನೀರಿನ ತೊಟ್ಟಿ ಕಳಚಿ ತೊಳೆಯುವಂತಿರಲಿ. ಪೆಟ್ಟಿಗೆಯ ಮೇಲಿನ ವ್ಯಾಟ್ ನಂಬಿ ಮೋಸಹೋಗಬೇಡಿ. ಅದು ಮೋಟಾರು ನುಂಗುವ ವಿದ್ಯುತ್ತಿನ ಲೆಕ್ಕ, ಹೀರುವ ಶಕ್ತಿಯದ್ದಲ್ಲ.

ಬಿಸಿನೀರಿನ ಯಂತ್ರ ಇನ್ನೂ ಒಳ್ಳೆಯದಲ್ಲವೇ ಎನ್ನಬಹುದು. ಬಿಸಿಗೆ ಜಿಡ್ಡು ಸಡಿಲವಾಗುವುದು ನಿಜ, ಆದರೆ ಉಣ್ಣೆ ಕುಗ್ಗೀತು, ಬಣ್ಣ ಬಿಟ್ಟೀತು. ಹಂಚಿನ ಮನೆಯ ಕಾವಿ ನೆಲದ ಮೇಲೆ ಒಂದೆರಡು ಸಣ್ಣ ಕಾರ್ಪೆಟ್ಟಿಗೆ ಯಂತ್ರವೇ ಏಕೆ ಎಂಬ ಆಕ್ಷೇಪವಂತೂ ಪೂರ್ತಿ ಸರಿ. ಅಂಥವರಿಗೆ ಒದ್ದೆ, ಒಣ ಎರಡನ್ನೂ ಹೀರುವ ಸಾದಾ ವ್ಯಾಕ್ಯೂಮ್ ಸಾಕು. ಬಾಲ್ಕನಿಗೆ ನುಗ್ಗಿದ ಮಳೆನೀರಿಗೂ ಅದು ಒದಗುತ್ತದೆ. ಯಾವುದನ್ನೇ ಕೊಂಡರೂ ನೀರಿನಲ್ಲಿ ತೊಳೆಯುವ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯ ಬಿಸಿಲಿಗೆ ಕಾಯ್ದಿರಿಸಿ.