ಸಹಿ ಅಸಲಿಯೋ, ಖೋಟಾವೋ?

ಟೋನಿ ಗ್ವಿನ್ ಅಮೆರಿಕದ ಬೇಸ್‌ಬಾಲ್ ಕ್ಷೇತ್ರದ ದೊಡ್ಡ ಹೆಸರು. ಸ್ಯಾನ್ ಡಿಯಾಗೋದ ಪ್ಯಾಡ್ರೆಸ್ ತಂಡವೊಂದರಲ್ಲೇ 20 ಋತು ಆಡಿದವರು. ತೊಂಬತ್ತರ ದಶಕದಲ್ಲಿ ಅವರಿಗೊಂದು ವಿಚಿತ್ರ ಅನುಭವವಾಯಿತು. ತಮ್ಮ ತಂಡದ್ದೇ ಅಂಗಡಿಯಲ್ಲಿ ತಮ್ಮ ಸಹಿಯುಳ್ಳ ವಸ್ತುಗಳು ಮಾರಾಟಕ್ಕಿದ್ದವು. ಆದರೆ ಆ ಸಹಿ ಅವರದಾಗಿರಲಿಲ್ಲ!

ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುವ ಚೆಂಡಿಗೆ ಖ್ಯಾತ ಆಟಗಾರನ ಸಹಿ ಬಿದ್ದರೆ ಬೆಲೆ ನೂರಾರು, ಸಾವಿರಾರು ಡಾಲರಿಗೆ ಏರುತ್ತದೆ. ಬೆಲೆಯೆಲ್ಲ ಆ ನಾಲ್ಕು ಗೆರೆಗಳಿಗೆ. ಖೋಟಾ ನೋಟು ಅಚ್ಚು ಹಾಕಲು ಯಂತ್ರ ಬೇಕು; ಖೋಟಾ ಸಹಿಗೆ ಒಂದು ಪೆನ್ನು, ಪಳಗಿದ ಕೈ ಸಾಕು.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 1997ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಈ ಜಾಲದ ಬೆನ್ನು ಹತ್ತಿತು. ಕಾರ್ಯಾಚರಣೆಗೆ ಇಟ್ಟ ಹೆಸರು 'ಬುಲ್‌ಪೆನ್'. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವರು ಕಣಕ್ಕಿಳಿಯುವ ಮೊದಲು ಕೈ ಪಳಗಿಸಿಕೊಳ್ಳುವ ಜಾಗಕ್ಕೆ ಹಾಗೆನ್ನುತ್ತಾರೆ. 1999ರ ಅಕ್ಟೋಬರಿನಲ್ಲಿ ಹಲವು ರಾಜ್ಯಗಳಲ್ಲಿ ಏಕಕಾಲಕ್ಕೆ ದಾಳಿಗಳು ನಡೆದವು. ಖೋಟಾಕಾರರು ಹಳೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು ಅದರ ಮೇಲೆ ಸಹಿ ಹಾಕುತ್ತಿದ್ದರು. ಹೊಸ ಚೆಂಡಿಗೆ ಅರಗಿನ ವಾರ್ನಿಷ್ ಬಳಿದು, ಅದರ ವಾಸನೆ ಹೋಗಲೆಂದು ನಾಯಿ ತಿಂಡಿಯ ಚೀಲದಲ್ಲಿ ಹುದುಗಿಸಿಡುತ್ತಿದ್ದರು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ 'ಸಹಿ ಮಾಡಿದ' ಬೇಸ್‌ಬಾಲ್ ಕೂಡ ಇತ್ತು. ಮಾರುಕಟ್ಟೆಯಲ್ಲಿದ್ದ ಸಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖೋಟಾ ಇರಬಹುದೆಂಬುದು ತನಿಖಾಧಿಕಾರಿಗಳ ಅಂದಾಜಾಗಿತ್ತು.

ಹಾಗಾದರೆ ಅಸಲಿಯನ್ನು ಗುರುತಿಸುವುದು ಹೇಗೆ? ತಜ್ಞರು ಮೊದಲು ನೋಡುವುದು ಸಹಿಯನ್ನಲ್ಲ, ಅದು ಬಿದ್ದಿರುವ ವಸ್ತುವನ್ನು. ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ. ಹಿಂದೆ ಅಮೆರಿಕನ್ ಲೀಗಿನ ಚೆಂಡುಗಳ ಮೇಲೆ ಆಯಾ ಕಾಲದ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತಿತ್ತು. ಜೋ ಕ್ರೋನಿನ್ ಆ ಲೀಗಿನ ಅಧ್ಯಕ್ಷರಾದದ್ದು 1959ರಲ್ಲಿ. ಅವರ ಹೆಸರಿನ ಚೆಂಡಿನ ಮೇಲೆ ರೂತ್ ಸಹಿ ಕಂಡರೆ ಮುಂದಿನ ಪರೀಕ್ಷೆಯೇ ಬೇಡ. ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ವ್ಯಾಪಕವಾದದ್ದು ಸುಮಾರು 1950ರ ನಂತರ. ಅಂಥ ಕಾಗದ ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ.

ಆಮೇಲೆ ಬರವಣಿಗೆ. ಸ್ವಂತ ಸಹಿಯನ್ನು ಯಾರೂ ಯೋಚಿಸಿ ಬರೆಯುವುದಿಲ್ಲ. ಕೈ ಸರಾಗವಾಗಿ ಓಡುತ್ತದೆ, ಗೆರೆಯ ಕೊನೆ ಸಣ್ಣಗಾಗುತ್ತದೆ. ನಕಲು ಮಾಡುವವನು ಚಿತ್ರ ಬಿಡಿಸುವಂತೆ ನಿಧಾನವಾಗಿ ಎಳೆಯುತ್ತಾನೆ. ಹಾಗಾಗಿ ಗೆರೆ ನಡುಗುತ್ತದೆ, ಪೆನ್ನು ಬೇಡದ ಕಡೆ ನಿಲ್ಲುತ್ತದೆ. ಎರಡು ಸಹಿಗಳು ಒಂದರ ಮೇಲೊಂದು ಇಟ್ಟಂತೆ ತದ್ರೂಪವಾಗಿದ್ದರೂ ಅನುಮಾನವೇ. ಅದು ಯಂತ್ರದ್ದೋ, ರಬ್ಬರ್ ಮೊಹರಿನದ್ದೋ ಇರಬಹುದು. ನಮ್ಮ ಅಂಗಡಿಗಳ ಕ್ರಿಕೆಟ್ ಬ್ಯಾಟುಗಳ ಮೇಲಿರುವ ಆಟಗಾರರ ಸಹಿಯೂ ಸಾಮಾನ್ಯವಾಗಿ ಅಚ್ಚಿನದೇ.

ಆದರೆ ಈ ಪರೀಕ್ಷೆಗಳಿಗೊಂದು ಮಿತಿಯಿದೆ. ಸುಳ್ಳನ್ನು ಅವು ಖಚಿತವಾಗಿ ಹಿಡಿಯಬಲ್ಲವು. ನಿಜವನ್ನು ಅಷ್ಟೇ ಖಚಿತವಾಗಿ ಸಾಬೀತು ಮಾಡಲಾರವು. ಎಲ್ಲವೂ ಸರಿಯಿದ್ದಾಗ ತಜ್ಞರು ಕೊಡುವುದು ಅಭಿಪ್ರಾಯ ಮಾತ್ರ. ಜೊತೆಗಿರುವ ಪ್ರಮಾಣಪತ್ರವನ್ನು ನಂಬೋಣವೆಂದರೆ, ಬುಲ್‌ಪೆನ್ ಪ್ರಕರಣದಲ್ಲಿ ಪ್ರಮಾಣಪತ್ರಗಳೂ ಖೋಟಾ ಆಗಿದ್ದವು!

ಈ ಪಾಠದಿಂದಲೇ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2001ರಲ್ಲಿ ಬೇರೆಯದೇ ಪದ್ಧತಿ ತಂದಿತು. ಸಹಿ ಹಾಕುವಾಗ ದೃಢೀಕರಿಸುವವರೊಬ್ಬರು ಎದುರಿನಲ್ಲೇ ಇರಬೇಕು. ಪೊಲೀಸ್ ಇಲಾಖೆಗಳ ಹಾಲಿ, ನಿವೃತ್ತ ಸಿಬ್ಬಂದಿಯನ್ನು ಇದಕ್ಕೆ ನೇಮಿಸಿಕೊಳ್ಳಲಾಗುತ್ತದೆ. ಅವರು ಕಣ್ಣಾರೆ ಕಂಡ ವಸ್ತುವಿಗೆ ಮಾತ್ರ ಸಂಖ್ಯೆಯುಳ್ಳ ಹೊಲೊಗ್ರಾಂ ಚೀಟಿ ಅಂಟಿಸುತ್ತಾರೆ. ಕೀಳಲು ಹೋದರೆ ಚೀಟಿ ಹಾಳಾಗುತ್ತದೆ. ಸಂಖ್ಯೆ ಕೊಟ್ಟು ಯಾರು ಬೇಕಾದರೂ ದಾಖಲೆ ನೋಡಬಹುದು.

ಈ ಏರ್ಪಾಡು ಹಳೆಯ ಸಹಿಗಳಿಗೆ ಅನ್ವಯಿಸುವುದಿಲ್ಲ. ಬೇಬ್ ರೂತ್ ಸಹಿ ಹಾಕಿದ್ದನ್ನು ಕಂಡ ಸಾಕ್ಷಿಯನ್ನು ಈಗ ಎಲ್ಲಿಂದ ತರುವುದು? ಆದ್ದರಿಂದ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ 'ಸಹಿ ಹೇಗೆ ಕಾಣುತ್ತದೆ' ಎಂದಲ್ಲ, 'ಹಾಕಿದ್ದನ್ನು ನೋಡಿದವರು ಯಾರು, ಅಲ್ಲಿಂದ ಇದು ಯಾರ ಕೈಯಿಂದ ಯಾರ ಕೈಗೆ ಬಂತು' ಎಂದು. ಮೈದಾನದ ಬೇಲಿಯ ಬಳಿ ಕಾದು ನಿಂತು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡ ಹುಡುಗನಿಗೆ ಯಾವ ಪ್ರಮಾಣಪತ್ರವೂ ಬೇಕಿಲ್ಲ. ಅದನ್ನು ಮಾರಲು ಹೊರಟ ದಿನ ಮಾತ್ರ ಅವನ ಮಾತನ್ನು ಯಾರೂ ನಂಬುವುದಿಲ್ಲ.