ಫೈಬರ್ ಟ್ಯಾಂಕಿನ ತಳ ನೋಡಿದ್ದೀರಾ?



ಮೈಲುತುತ್ತಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಆದ್ದರಿಂದಲೇ ನಮ್ಮಲ್ಲಿ ಕೆಲವರು ಟಿಲ್ಲರ್ ಟ್ರೈಲರಿನ ಮೇಲೆ ಫೈಬರ್ ಗ್ಲಾಸಿನ ಟ್ಯಾಂಕು ಕೂರಿಸಿ ಅಡಕೆಗೂ ಕಾಫಿಗೂ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಇದು ತುಕ್ಕು ಹಿಡಿಯದೆಂಬ ಧೈರ್ಯದಲ್ಲಿ ಬಗ್ಗಿ ತಳ ನೋಡುವವರು ಕಡಿಮೆ. ನಾವೂ ನೋಡಿರಲಿಲ್ಲ.

ಒಂದು ವರ್ಷ ಮೃಗಶಿರಾ ಮಳೆಗೆ ಮುಂಚೆ ಮೊದಲ ಸಿಂಪರಣೆ ಮುಗಿಸೋಣವೆಂದು ಕೊನೆಗೌಡರನ್ನು ಗೊತ್ತುಮಾಡಿ, 5 ಕಿಲೋ ಮೈಲುತುತ್ತ, 5 ಕಿಲೋ ಸುಣ್ಣ ಹಾಕಿ 500 ಲೀಟರ್ ದ್ರಾವಣ ಸಿದ್ಧಪಡಿಸಿದೆವು. ತೋಟ ಮುಟ್ಟುವಷ್ಟರಲ್ಲಿ ದಾರಿಯುದ್ದಕ್ಕೂ ನೀಲಿ ಗೆರೆ! ತಾರು ಮೆತ್ತಿದೆವು, ನಿಲ್ಲಲಿಲ್ಲ. ಮರುದಿನ ಹಿಡಿದ ಮಳೆ ಬಿಡುವು ಕೊಡಲಿಲ್ಲ. ತಗ್ಗಿನ ತೋಟದಲ್ಲಿ ಕೊಳೆ ಬಿದ್ದು ಎಳೆಗಾಯಿ ಉದುರಿತು.

ಟ್ಯಾಂಕು ಇಳಿಸಿ ಮಗುಚಿದಾಗ ಕಾರಣ ತಿಳಿಯಿತು. 500 ಲೀಟರ್ ನೀರೆಂದರೆ ಅರ್ಧ ಟನ್ ಭಾರ. ಅಷ್ಟೂ ಎರಡು ಆಂಗಲ್ ಪಟ್ಟಿಗಳ ಮೇಲೆ ಕೂತು, ತೋಟದ ದಾರಿಯಲ್ಲಿ ಕುಲುಕಾಡಿ, ಪಟ್ಟಿಯ ಅಂಚಿಗೆ ಸರಿಯಾಗಿ ಸೀಳು ಬಿಟ್ಟಿತ್ತು.

ರಿಪೇರಿ ಕಷ್ಟವಲ್ಲ, ಬಿಸಿಲಿನ ದಿನ ಬೇಕು, ಅಷ್ಟೆ. ತೇವವಿದ್ದರೆ ರಾಳ ಸರಿಯಾಗಿ ಗಟ್ಟಿಯಾಗದು. ಟ್ಯಾಂಕನ್ನು ತೊಳೆದು ಪೂರ್ತಿ ಒಣಗಿಸಿ. ಸೀಳಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಓಡುವುದಿಲ್ಲ. ಸುತ್ತ ಎರಡು ಮೂರು ಅಂಗುಲ ಒರಟು ಮರಳು ಕಾಗದದಿಂದ ಇಳಿಜಾರಾಗಿ ಉಜ್ಜಿ, ಹೊಳಪು ತೆಗೆದು, ಅಸಿಟೋನಿನಿಂದ ಒರೆಸಿ. ಗಾಜಿನ ನಾರಿನ ಮ್ಯಾಟನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ತುಂಡು ಕತ್ತರಿಸಿ. ರಾಳ ಬಳಿದು, ಒಂದರ ಮೇಲೊಂದು ಹಾಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್ಷಿನಿಂದ ಒತ್ತಿ. ಟ್ಯಾಂಕು ಮಗುಚಲಾಗದಿದ್ದರೆ ಮ್ಯಾಟನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ರಾಳದಲ್ಲಿ ನೆನೆಸಿ, ಹಾಳೆ ಸಮೇತ ಕೆಳಗಿನಿಂದ ಅಂಟಿಸಿ. ರಾಳ ಮೈಮೇಲೆ ಸುರಿಯುವುದಿಲ್ಲ. ಸೀಳು ಆರಪಾರವಾಗಿದ್ದರೆ, ಕೈ ಎಟುಕಿದಲ್ಲಿ ಒಳಗಿನಿಂದಲೂ ಒಂದು ಪದರ ಕೊಡಿ. ಕೆಲವು ದಿನ ಬಿಟ್ಟು, ನೀರು ತುಂಬಿ, ಒಂದು ರಾತ್ರಿ ನೋಡಿ.

ಒಂದು ಎಚ್ಚರಿಕೆ. ಕೋಬಾಲ್ಟ್ ದ್ರವವನ್ನೂ ಗಟ್ಟಿಕಾರಕವನ್ನೂ ನೇರವಾಗಿ ಬೆರೆಸಬೇಡಿ. ಬೆಂಕಿ ಹತ್ತೀತು, ಸಿಡಿದೀತು. ಕೋಬಾಲ್ಟ್ ಮೊದಲೇ ಬೆರೆಸಿದ ರಾಳವನ್ನೇ ಕೇಳಿ ತನ್ನಿ. ಕಿಲೋ ರಾಳಕ್ಕೆ ಗಟ್ಟಿಕಾರಕ ಸುಮಾರು 10ರಿಂದ 20 ಮಿಲಿ ಸಾಕು. ಅದು ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು, ಮೂಗಿಗೆ ಮಾಸ್ಕ್ ಇರಲಿ. ಹತ್ತಿರ ಬೀಡಿ ಬೇಡ.

ತೇಪೆ ಹಾಕಿ ಮತ್ತೆ ಅದೇ ಪಟ್ಟಿಗಳ ಮೇಲಿಟ್ಟರೆ ಪಕ್ಕದಲ್ಲೇ ಇನ್ನೊಂದು ಸೀಳು ಖಂಡಿತ. ಟ್ರೈಲರಿಗೆ ಪೂರಾ ಹಲಗೆ ಹಾಸಿ, ಮೇಲೆ ಹಳೆಯ ರಬ್ಬರ್ ಹಾಳೆ ಹರಡಿ, ಟ್ಯಾಂಕು ಅಲುಗದಂತೆ ಪಟ್ಟಿ ಬಿಗಿಯಿರಿ. ನಮ್ಮ ಟ್ಯಾಂಕು ಆ ಮೇಲೆ ಸೋರಿಲ್ಲ.

ಮೈಲುತುತ್ತ ತರಲು ಪೇಟೆಗೆ ಹೊರಡುವ ಮೊದಲು, ಏಪ್ರಿಲ್ ಬಿಸಿಲಿನಲ್ಲೇ ಒಮ್ಮೆ ಬಗ್ಗಿ ತಳ ನೋಡಿ. ಮಳೆ ನಮ್ಮ ರಿಪೇರಿಗೆ ಕಾಯುವುದಿಲ್ಲ.